ಡಬ್ಬಿ ಸೂಪಿಗೆ ಎರಡು ಲೆಕ್ಕ

ನನ್ನದು ರಾತ್ರಿ ಪಾಳಿಯ ಕೆಲಸ. ಪಾಳಿಯ ನಡುವೆ ಹಸಿವಾದಾಗ ನನ್ನ ಹತ್ತಿರ ಇರುವುದು ಒಂದು ಮೈಕ್ರೋವೇವ್, ಒಂದು ಬಟ್ಟಲು ಮತ್ತು ಸ್ವಲ್ಪವೇ ಸ್ವಲ್ಪ ಬಿಡುವು. ಹಾಗಾಗಿ ಮೇಜಿನ ಕೆಳಗಿನ ಡ್ರಾಯರಿನಲ್ಲಿ ಯಾವಾಗಲೂ ಸೂಪ್ ಡಬ್ಬಿಗಳು ಇರುತ್ತವೆ. "ಅಕ್ಕಾ, ಇದು ಡಯಟ್ ಅಲ್ಲ, ಸೋಮಾರಿತನ" ಅಂತ ತಮ್ಮ ರೇಗಿಸುತ್ತಾನೆ. ಎರಡೂ ಹೌದು. ಸೋಮಾರಿಗಳಿಗೂ ತೂಕ ಇಳಿಯಬೇಕು, ಅಲ್ವಾ?

ತೊಂದರೆ ಏನೆಂದರೆ, ತೂಕ ಇಳಿಸಿ ಅಂದ ಡಾಕ್ಟರೇ ಉಪ್ಪು ಕಡಿಮೆ ಮಾಡಿ ಅಂತಲೂ ಅಂದಿದ್ದಾರೆ. ನನ್ನ ಬಿಪಿ ಇನ್ನೂ ಮಾತ್ರೆಯವರೆಗೆ ಹೋಗಿಲ್ಲ, ಆದರೆ ಹೋಗುವ ದಾರಿಯಲ್ಲಿದೆ. ಈ ಎರಡು ಸಲಹೆಗಳು ಬೇರೆ ಊಟದಲ್ಲಿ ಹೊಂದಿಕೊಂಡು ಹೋಗುತ್ತವೆ. ಡಬ್ಬಿ ಸೂಪಿನ ಮುಂದೆ ಬಂದರೆ ಮಾತ್ರ ಜಗಳಕ್ಕೆ ನಿಲ್ಲುತ್ತವೆ. ಕ್ಯಾಲರಿ ನೋಡಿದರೆ ಇದಕ್ಕಿಂತ ಒಳ್ಳೆಯದು ಇಲ್ಲ ಅನಿಸುತ್ತದೆ. ಪಕ್ಕದ ಸಾಲಿನಲ್ಲಿ ಸೋಡಿಯಂ, ಅಂದರೆ ಉಪ್ಪಿನಲ್ಲಿರುವ ಅಂಶ, ನೋಡಿದರೆ ಡಬ್ಬಿ ವಾಪಸ್ ಇಟ್ಟುಬಿಡೋಣ ಅನಿಸುತ್ತದೆ.

ಮೊದಲು ಸೂಪಿನ ಪರ ಮಾತಾಡುತ್ತೇನೆ, ಅದಕ್ಕೆ ಆ ನ್ಯಾಯ ಸಲ್ಲಬೇಕು. ಊಟಕ್ಕೆ ಮೊದಲು ಸೂಪ್ ಕುಡಿದರೆ ಒಟ್ಟು ತಿನ್ನುವುದು ಕಡಿಮೆಯಾಗುತ್ತದೆ ಅನ್ನುವುದು ಬರೀ ಅಜ್ಜಿ ಮಾತಲ್ಲ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಬಾರ್ಬರಾ ರೋಲ್ಸ್ ವರ್ಷಗಟ್ಟಲೆ ಇದನ್ನೇ ಅಧ್ಯಯನ ಮಾಡಿದವರು. ಅವರ ತಂಡದ 2007ರ ಪ್ರಯೋಗದಲ್ಲಿ ಊಟಕ್ಕೆ ಮುಂಚೆ ಕಡಿಮೆ ಕ್ಯಾಲರಿಯ ತರಕಾರಿ ಸೂಪ್ ಕುಡಿದವರು, ಸೂಪನ್ನೂ ಸೇರಿಸಿ ಲೆಕ್ಕ ಹಾಕಿದರೂ, ಸುಮಾರು 20 ಶೇಕಡಾ ಕಡಿಮೆ ಕ್ಯಾಲರಿ ತಿಂದರು. ತೆಳು ರಸವನ್ನೂ ತರಕಾರಿಯನ್ನೂ ಬೇರೆ ಬೇರೆ ಕೊಟ್ಟರೂ ಅಷ್ಟೇ, ತರಕಾರಿ ಹೋಳು ಇದ್ದರೂ ಅಷ್ಟೇ, ರುಬ್ಬಿ ನುಣ್ಣಗೆ ಮಾಡಿದ್ದರೂ ಅಷ್ಟೇ. ಇದೇ ತಂಡ 1999ರಲ್ಲಿ ಇನ್ನೊಂದು ವಿಷಯ ತೋರಿಸಿತ್ತು. ಊಟದ ಜೊತೆ ಒಂದು ಲೋಟ ನೀರು ಕುಡಿಯುವುದು ಬೇರೆ, ಅದೇ ನೀರನ್ನು ಆಹಾರದೊಳಗೆ ಸೇರಿಸಿ ಸೂಪ್ ಮಾಡಿ ತಿನ್ನುವುದು ಬೇರೆ. ಎರಡನೆಯದರಲ್ಲಿ ಮಾತ್ರ ಹೊಟ್ಟೆ ತುಂಬಿದ ಹಾಗಾಗಿ ಮುಂದೆ ತಿನ್ನುವುದು ಕಡಿಮೆಯಾಯಿತು. ನೀರು ಆಹಾರದ ಗಾತ್ರ ಹೆಚ್ಚಿಸುತ್ತದೆ, ಕ್ಯಾಲರಿ ಹೆಚ್ಚಿಸುವುದಿಲ್ಲ. ಡಯಟ್ ಮಾಡುವವರಿಗೆ ಬೇಕಾಗಿರುವುದು ಅದೇ ತಾನೆ.

ಈಗ ಡಬ್ಬಿಯ ಹಿಂಭಾಗ ನೋಡೋಣ.

ನನ್ನ ಡ್ರಾಯರಿನಲ್ಲಿರುವುದು ನೀರು ಬೆರೆಸಿ ಕುಡಿಯುವ ಗಟ್ಟಿ ಸೂಪ್. ಕಂಡೆನ್ಸ್ಡ್ ಅಂತ ಬರೆದಿರುತ್ತಾರೆ. 1897ರಲ್ಲಿ ಕ್ಯಾಂಪ್‌ಬೆಲ್ ಕಂಪನಿಯ ರಸಾಯನಶಾಸ್ತ್ರಜ್ಞ ಜಾನ್ ಡೋರನ್ಸ್ ಕಂಡುಹಿಡಿದ ಉಪಾಯ ಇದು. ನೀರು ಕಡಿಮೆ ಮಾಡಿದರೆ ಡಬ್ಬಿ ಚಿಕ್ಕದಾಗುತ್ತದೆ, ಸಾಗಿಸುವ ಖರ್ಚು ಇಳಿಯುತ್ತದೆ. ಬುದ್ಧಿವಂತ ಕೆಲಸವೇ. ಆದರೆ ಲೇಬಲ್ ಓದುವಾಗ ಇದೇ ತಲೆ ತಿನ್ನುತ್ತದೆ. ಏಕೆಂದರೆ ಅಲ್ಲಿ ಕೊಟ್ಟಿರುವುದು ಒಂದು ಸರ್ವಿಂಗಿನ ಲೆಕ್ಕ. ಸರ್ವಿಂಗ್ ಅಂದರೆ ಅರ್ಧ ಕಪ್ ಗಟ್ಟಿ ಸೂಪ್. ಡಬ್ಬಿಯಲ್ಲಿ ಅಂಥವು ಎರಡೂವರೆ. ಎರಡೂವರೆ! ಮನೆಯಲ್ಲಿ ಒಬ್ಬರಿದ್ದರೂ, ಇಬ್ಬರಿದ್ದರೂ, ಮೂವರಿದ್ದರೂ ಸರಿಯಾಗಿ ಹಂಚಲಾಗದ ಸಂಖ್ಯೆ ಹುಡುಕಿ ಇಟ್ಟ ಹಾಗಿದೆ. ಹಸಿದವರು ಸರ್ವಿಂಗ್ ಅಳೆದು ಕುಡಿಯುವುದಿಲ್ಲ, ಡಬ್ಬಿ ಖಾಲಿ ಮಾಡುತ್ತಾರೆ.

ಚಿಕನ್ ನೂಡಲ್ ಥರದ ತೆಳು ಸೂಪ್ ತೆಗೆದುಕೊಳ್ಳಿ. ಒಂದು ಸರ್ವಿಂಗಿಗೆ ಸುಮಾರು 60 ಕ್ಯಾಲರಿ, 850 ಮಿಲಿಗ್ರಾಂ ಸೋಡಿಯಂ. ಎರಡೂವರೆಯಿಂದ ಗುಣಿಸಿ. ಇಡೀ ಡಬ್ಬಿಗೆ 150 ಕ್ಯಾಲರಿ, 2125 ಮಿಲಿಗ್ರಾಂ ಸೋಡಿಯಂ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ದಿನಕ್ಕೆ 2000 ಮಿಲಿಗ್ರಾಂಗಿಂತ ಕಡಿಮೆ, ಅಂದರೆ 5 ಗ್ರಾಂ ಉಪ್ಪಿನೊಳಗೆ. ಅಮೆರಿಕದವರು 2300 ಅನ್ನುತ್ತಾರೆ, ಅದು ಒಂದು ಟೀ ಚಮಚ ಉಪ್ಪು. ಅಲ್ಲಿನ ಹಾರ್ಟ್ ಅಸೋಸಿಯೇಷನ್ ಪ್ರಕಾರ, ಅದರಲ್ಲೂ ಬಿಪಿ ಇರುವವರಿಗೆ, 1500 ಆದರೆ ಒಳ್ಳೆಯದು. ಯಾವ ಗೆರೆ ಹಿಡಿದರೂ ಅಷ್ಟೆ. 150 ಕ್ಯಾಲರಿಯ ಬಟ್ಟಲು ಒಂದು ದಿನದ ಸೋಡಿಯಂ ಪೂರ್ತಿ ಅಥವಾ ಹೆಚ್ಚುಕಮ್ಮಿ ಪೂರ್ತಿ ನುಂಗಿರುತ್ತದೆ. ಹೊಟ್ಟೆ ಮಾತ್ರ ಒಂದು ಗಂಟೆಯಲ್ಲಿ ಮತ್ತೆ ಕೂಗುತ್ತದೆ.

ಅಮೆರಿಕದಲ್ಲಿ 2016ರಲ್ಲಿ ಲೇಬಲ್ ನಿಯಮ ಬದಲಾದ ಮೇಲೆ ಇಂಥ ಡಬ್ಬಿಗಳ ಮೇಲೆ ಎರಡು ಸಾಲು ಬರುತ್ತವೆ, ಒಂದು ಸರ್ವಿಂಗಿಗೆ ಮತ್ತು ಇಡೀ ಡಬ್ಬಿಗೆ. ನಾನು ಮೊದಲನೆಯ ಸಾಲನ್ನು ನೋಡುವುದೇ ಬಿಟ್ಟಿದ್ದೇನೆ. ಬ್ರಿಟನ್, ಯುರೋಪಿನ ಡಬ್ಬಿಗಳಲ್ಲಿ ಬೇರೆ ಥರ. ಅಲ್ಲಿ ಸೋಡಿಯಂ ಬದಲು ಉಪ್ಪು ಅಂತಲೇ ಗ್ರಾಂನಲ್ಲಿ ಇರುತ್ತದೆ, 100 ಗ್ರಾಂ ಸೂಪಿಗೆ ಇಷ್ಟು ಅಂತ. ಒಂದು ಗ್ರಾಂ ಉಪ್ಪಿನಲ್ಲಿ ಸುಮಾರು 400 ಮಿಲಿಗ್ರಾಂ ಸೋಡಿಯಂ ಅಂತ ಇಟ್ಟುಕೊಂಡರೆ ಸಾಕು. ನೇರವಾಗಿ ಬಿಸಿ ಮಾಡಿ ಕುಡಿಯುವ 400 ಗ್ರಾಂ ಡಬ್ಬಿಯಲ್ಲಿ 100 ಗ್ರಾಂಗೆ 0.6 ಗ್ರಾಂ ಉಪ್ಪು ಇದ್ದರೆ, ಇಡೀ ಡಬ್ಬಿಗೆ 2.4 ಗ್ರಾಂ, ಅಂದರೆ 960 ಮಿಲಿಗ್ರಾಂ ಸೋಡಿಯಂ. 0.6 ಅನ್ನುವ ಅಂಕಿ ಎಷ್ಟು ಮುಗ್ಧವಾಗಿ ಕೂತಿರುತ್ತದೆ ನೋಡಿ.

ನಾನು ಡಬ್ಬಿ ಆರಿಸುವಾಗ ಒಂದು ಭಾಗಾಕಾರ ಮಾಡುತ್ತೇನೆ. ದಿನಕ್ಕೆ 1500 ಕ್ಯಾಲರಿ, 2000 ಮಿಲಿಗ್ರಾಂ ಸೋಡಿಯಂ ಅಂತ ಇಟ್ಟುಕೊಂಡರೆ ಒಂದು ಕ್ಯಾಲರಿಗೆ ಒಂದೂಕಾಲರಿಂದ ಒಂದೂವರೆ ಮಿಲಿಗ್ರಾಂ ಸೋಡಿಯಂ ಬರುತ್ತದೆ. ಮೇಲಿನ ತೆಳು ಸೂಪಿನಲ್ಲಿ ಒಂದು ಕ್ಯಾಲರಿಗೆ 14 ಮಿಲಿಗ್ರಾಂ. ಕ್ರೀಮ್ ಸೂಪಿನಲ್ಲಿ ಇದು ಏಳೆಂಟಕ್ಕೆ ಇಳಿಯುತ್ತದೆ. ಹಾಗಂತ ಕ್ರೀಮ್ ಸೂಪ್ ಒಳ್ಳೆಯದು ಅಂತಲ್ಲ. ಅದರಲ್ಲಿ ಉಪ್ಪು ಕಡಿಮೆಯಾಗಿಲ್ಲ, ಕೊಬ್ಬು ಜಾಸ್ತಿಯಾಗಿದೆ ಅಷ್ಟೆ. ಆದರೆ ಈ ಭಾಗಾಕಾರದಿಂದ ನನಗೆ ಒಂದು ವಿಷಯ ಹೊಳೆಯಿತು. ಡಬ್ಬಿ ಸೂಪಿನ ಕಷ್ಟ ಉಪ್ಪು ಜಾಸ್ತಿ ಅನ್ನುವುದರಲ್ಲಿ ಎಷ್ಟಿದೆಯೋ ಆಹಾರ ಕಡಿಮೆ ಅನ್ನುವುದರಲ್ಲೂ ಅಷ್ಟೇ ಇದೆ. ಅದು ಊಟಕ್ಕೆ ಸಾಲದಷ್ಟು ತೆಳ್ಳಗಿದ್ದು, ಎರಡು ಊಟಕ್ಕೆ ಆಗುವಷ್ಟು ಉಪ್ಪು ಹೊತ್ತಿರುತ್ತದೆ.

ಹಾಗಾದರೆ ಡಯಟ್ ಮಾಡುವವರು ಏನು ಮಾಡಬೇಕು? ಸೂಪಿಗೆ ಕ್ಯಾಲರಿ ಸೇರಿಸಬೇಕು. ಹೌದು, ಸೇರಿಸಬೇಕು. ತಮ್ಮನಿಗೆ ಇದನ್ನು ಹೇಳಿದಾಗ "ಡಯಟ್ ಅಂದರೆ ಕಡಿಮೆ ಮಾಡೋದಲ್ವಾ ಅಕ್ಕಾ?" ಅಂದ. ಕಡಿಮೆ ಮಾಡಬೇಕಾದದ್ದು ಡಬ್ಬಿಯನ್ನು. ಬಟ್ಟಲನ್ನಲ್ಲ.

ನನ್ನ ಬಟ್ಟಲು ಈಗ ಹೀಗಿರುತ್ತದೆ. ಗಟ್ಟಿ ಸೂಪಿನ ಡಬ್ಬಿಯಲ್ಲಿ ಮೂರನೇ ಒಂದು ಭಾಗ: ಸುಮಾರು 50 ಕ್ಯಾಲರಿ, 700 ಮಿಲಿಗ್ರಾಂ ಸೋಡಿಯಂ. ಅದಕ್ಕೆ ಉಪ್ಪಿಲ್ಲದೆ ಬೇಯಿಸಿದ ಕಾಳು ಅರ್ಧ ಕಪ್, 120 ಕ್ಯಾಲರಿಯ ಆಸುಪಾಸು, ಸೋಡಿಯಂ ಇಲ್ಲವೆನ್ನುವಷ್ಟು. ಒಂದು ಕಪ್ ತರಕಾರಿ, 50 ಕ್ಯಾಲರಿ. ಒಂದು ಬೇಯಿಸಿದ ಮೊಟ್ಟೆ, 70 ಕ್ಯಾಲರಿ ಮತ್ತು ತನ್ನದೇ 70 ಮಿಲಿಗ್ರಾಂ ಸೋಡಿಯಂ. ಮೇಲೆ ಬೇಕಾದಷ್ಟು ನೀರು. ಒಟ್ಟು 290 ಕ್ಯಾಲರಿ, ಸೋಡಿಯಂ 850ರ ಒಳಗೆ. ಇಡೀ ಡಬ್ಬಿ ಕುಡಿದಿದ್ದರೆ 150 ಕ್ಯಾಲರಿ, 2125 ಮಿಲಿಗ್ರಾಂ. ಕ್ಯಾಲರಿ ಹೆಚ್ಚುಕಮ್ಮಿ ಎರಡರಷ್ಟಾಯಿತು, ಸೋಡಿಯಂ ಅರ್ಧಕ್ಕಿಂತ ಕೆಳಗೆ ಬಂತು. ಪಾಳಿ ಮುಗಿಯುವವರೆಗೆ ಬಿಸ್ಕೆಟಿನ ಡಬ್ಬದ ಕಡೆ ಕಣ್ಣು ಹೋಗುವುದಿಲ್ಲ. ನನ್ನ ಮಟ್ಟಿಗೆ ಡಯಟ್ ಉಳಿಸಿದ್ದು ಆ 140 ಕ್ಯಾಲರಿಯೇ.

ಇಲ್ಲಿ ಡಬ್ಬಿ ಸೂಪನ್ನು ನಾನು ಸೂಪ್ ಅಂತ ಬಳಸುತ್ತಲೇ ಇಲ್ಲ, ಮಸಾಲೆ ಥರ ಬಳಸುತ್ತೇನೆ. ಹಾಗೆ ನೋಡಿದರೆ ಅದರ ಉಪ್ಪು ದೋಷವಾಗಿ ಕಾಣುವುದಿಲ್ಲ. ಅಷ್ಟು ಕಾಳು, ತರಕಾರಿಗೆ ಯಾರಾದರೂ ಉಪ್ಪು ಹಾಕಲೇಬೇಕಿತ್ತು, ಡಬ್ಬಿ ಹಾಕಿದೆ.

ಕಾಳನ್ನೂ ಡಬ್ಬಿಯಿಂದಲೇ ತೆಗೆಯುವವರು ಅದರ ನೀರು ಬಸಿದು, ಕಾಳನ್ನು ತೊಳೆದು ಹಾಕಬೇಕು. ಬಸಿದು ತೊಳೆದರೆ ಸುಮಾರು 40 ಶೇಕಡಾ ಸೋಡಿಯಂ ಹೋಗುತ್ತದೆ. ಶೈತ್ಯೀಕರಿಸಿದ ತರಕಾರಿ ಆದರೆ ಸಾಸ್ ಬೆರೆಸದ, ಬರೀ ತರಕಾರಿಯ ಪೊಟ್ಟಣ ನೋಡಿ ತೆಗೆದುಕೊಳ್ಳಿ. ಇನ್ನೊಂದು ದಾರಿ, ಉಪ್ಪು ಹಾಕದ ಸೂಪಿನ ಡಬ್ಬಿ ಒಂದು, ಮಾಮೂಲಿ ಡಬ್ಬಿ ಒಂದು, ಎರಡನ್ನೂ ಬೆರೆಸುವುದು. ಉಪ್ಪಿಲ್ಲದ್ದನ್ನು ಒಂದೇ ಕುಡಿದರೆ ಆಸ್ಪತ್ರೆ ಊಟದ ನೆನಪು ಬರುತ್ತದೆ. ಬೆರೆಸಿದರೆ ಪರವಾಗಿಲ್ಲ.

ಬರೀ ನೀರು ಹಾಕಿ ಉಪ್ಪು ಕಡಿಮೆ ಮಾಡಿದೆ ಅನ್ನುವವರನ್ನು ಕಂಡರೆ ನನಗೆ ನಗು ಬರುತ್ತದೆ. ನಾಲಿಗೆಗೆ ಕಡಿಮೆ ಅನಿಸುತ್ತದೆ, ಸರಿ. ಪೂರ್ತಿ ಕುಡಿದರೆ ಒಳಗೆ ಹೋಗುವ ಉಪ್ಪು ಅಷ್ಟೇ ತಾನೆ? ಆಲೂಗಡ್ಡೆ ಹಾಕಿ ಉಪ್ಪು ಹೀರಿಸುವ ಉಪಾಯವೂ ಇದೇ ಜಾತಿ. ಆಲೂಗಡ್ಡೆ ಉಪ್ಪನ್ನು ಆರಿಸಿ ಹೀರುವುದಿಲ್ಲ, ಉಪ್ಪುನೀರನ್ನು ಹೀರುತ್ತದೆ. ಆಮೇಲೆ ಆ ಆಲೂಗಡ್ಡೆಯನ್ನೂ ನಾವೇ ತಿನ್ನುತ್ತೇವೆ. ನಿಜವಾಗಿ ಕಡಿಮೆ ಮಾಡಬೇಕೆಂದರೆ ಒಂದಿಷ್ಟು ರಸವನ್ನು ಬಟ್ಟಲಿನಲ್ಲೇ ಬಿಡಬೇಕು, ಇಲ್ಲವೇ ಡಬ್ಬಿಯಿಂದ ಕಡಿಮೆ ಸುರಿಯಬೇಕು.

ಲೇಬಲಿನ ಮುಂಭಾಗದ ದೊಡ್ಡ ಅಕ್ಷರಗಳ ಬಗ್ಗೆ ಸ್ವಲ್ಪ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ನಿಯಮದಲ್ಲಿ ಒಂದೊಂದು ಮಾತಿಗೂ ಒಂದೊಂದು ಅಳತೆ ಇದೆ. 'ಲೋ ಸೋಡಿಯಂ' ಅಂದರೆ ಒಂದು ಸರ್ವಿಂಗಿಗೆ 140 ಮಿಲಿಗ್ರಾಂ ಅಥವಾ ಕಡಿಮೆ. ಇದು ಗಟ್ಟಿ ಮಾತು. 'ರೆಡ್ಯೂಸ್ಡ್ ಸೋಡಿಯಂ' ಅಂದರೆ ಮಾಮೂಲಿ ಸೂಪಿಗಿಂತ ಕನಿಷ್ಠ 25 ಶೇಕಡಾ ಕಡಿಮೆ, ಅಷ್ಟೆ. 850ರಲ್ಲಿ ಕಾಲು ಭಾಗ ತೆಗೆದರೆ ಇನ್ನೂ 640 ಉಳಿಯುತ್ತದೆ, ಅದೂ ಒಂದೇ ಸರ್ವಿಂಗಿಗೆ. 'ಲೈಟ್ ಇನ್ ಸೋಡಿಯಂ' ಅಂದರೆ ಅರ್ಧ. 'ನೋ ಸಾಲ್ಟ್ ಆಡೆಡ್' ಅಂದರೆ ತಯಾರಿಸುವಾಗ ಉಪ್ಪು ಹಾಕಿಲ್ಲ, ಪದಾರ್ಥಗಳಲ್ಲಿ ತಾನಾಗಿ ಇರುವ ಸೋಡಿಯಂ ಇದ್ದೇ ಇರುತ್ತದೆ. ಇನ್ನು ಡಬ್ಬಿಯ ಮೇಲೆ ತರಕಾರಿ ಚಿತ್ರ, ಹಸಿರು ಬಣ್ಣ, 'ಲೈಟ್' ಅಂತ ಒಂದೇ ಪದ ಇದ್ದರೆ ಅದು ಹೆಚ್ಚಾಗಿ ಕ್ಯಾಲರಿ, ಕೊಬ್ಬಿನ ಮಾತು. ಉಪ್ಪಿನ ಮಾತೇ ಅಂತ ನಂಬಬೇಡಿ.

ಕಂಪನಿಗಳು ಸುಮ್ನೆ ಉಪ್ಪು ಕಡಿಮೆ ಮಾಡಬಾರದೇ ಅಂತ ಕೇಳಬಹುದು. ಡಬ್ಬಿ ಸೂಪ್ ಕೆಡದಿರುವುದು ಉಪ್ಪಿನಿಂದಲ್ಲ, ಮುಚ್ಚಿದ ಡಬ್ಬಿಯನ್ನು ಹೆಚ್ಚು ಶಾಖದಲ್ಲಿ ಬೇಯಿಸುವುದರಿಂದ. ಉಪ್ಪು ಮುಖ್ಯವಾಗಿ ರುಚಿಗೆ. ಹಾಗಾಗಿ ಕಡಿಮೆ ಮಾಡಬಹುದು, ಮಾಡಿಯೂ ನೋಡಿದ್ದಾರೆ. ಕ್ಯಾಂಪ್‌ಬೆಲ್ ತನ್ನ ಸೆಲೆಕ್ಟ್ ಹಾರ್ವೆಸ್ಟ್ ಸೂಪುಗಳಲ್ಲಿ ಸೋಡಿಯಂ ಅನ್ನು ಸರ್ವಿಂಗಿಗೆ 480 ಮಿಲಿಗ್ರಾಂಗೆ ಇಳಿಸಿತ್ತು. ಮಾರಾಟ ಸೊರಗಿತು. 2011ರಲ್ಲಿ ಮತ್ತೆ 650ಕ್ಕೆ ಏರಿಸುವುದಾಗಿ ಹೇಳಿತು. ಕೊಳ್ಳುವವರು ನಾವೇ ಅಲ್ವಾ, ಯಾರನ್ನು ಬೈಯುವುದು? ನಾಲಿಗೆ ಮಾತ್ರ ಹೊಂದಿಕೊಳ್ಳುತ್ತದೆ. ಎರಡು ಮೂರು ತಿಂಗಳು ಕಡಿಮೆ ಉಪ್ಪು ತಿಂದರೆ ಮೊದಲು ಸರಿ ಅನಿಸುತ್ತಿದ್ದದ್ದೇ ಆಮೇಲೆ ಉಪ್ಪುಪ್ಪು ಅನಿಸುತ್ತದೆ. ಅಲ್ಲಿಯವರೆಗೆ ನಿಂಬೆರಸ, ಕರಿಮೆಣಸು, ಬೆಳ್ಳುಳ್ಳಿ ಕೈ ಹಿಡಿಯುತ್ತವೆ. ನಿಂಬೆರಸ ಮಾತ್ರ ಬಿಸಿ ಮಾಡಿದ ಮೇಲೆ, ತಿನ್ನುವ ಮುಂಚೆ ಹಿಂಡಿ. ಆ ಹುಳಿ ಉಪ್ಪಿನ ಕೆಲಸವನ್ನು ಅರ್ಧ ಮಾಡಿಬಿಡುತ್ತದೆ.

ಈಗ ತೂಕದ ಯಂತ್ರದ ಸಂಗತಿ. ಡಯಟ್ ಮಾಡುವವರ ಎದೆ ಒಡೆಯುವುದು ಇಲ್ಲೇ. ರಾತ್ರಿ ಬರೀ ಸೂಪ್ ಕುಡಿದು ಮಲಗಿದವರಿಗೆ ಬೆಳಿಗ್ಗೆ ಅರ್ಧ ಕೆಜಿ ಜಾಸ್ತಿ ಕಾಣುತ್ತದೆ. ಅದು ಕೊಬ್ಬಲ್ಲ. ಒಂದು ಕೆಜಿ ಕೊಬ್ಬು ಅಂದರೆ ಸುಮಾರು 7700 ಕ್ಯಾಲರಿ, 150 ಕ್ಯಾಲರಿಯ ಸೂಪಿನಿಂದ ಅದು ಬರಲು ಸಾಧ್ಯವೇ ಇಲ್ಲ. ಬಂದಿರುವುದು ನೀರು. ರಕ್ತದಲ್ಲಿ ಸೋಡಿಯಂ ಇಷ್ಟೇ ಇರಬೇಕು ಅಂತ ದೇಹ ಹಟ ಹಿಡಿಯುತ್ತದೆ. ಉಪ್ಪು ಹೆಚ್ಚು ಬಂದರೆ ಬಾಯಾರಿಕೆ ಆಗುತ್ತದೆ, ಮೂತ್ರಪಿಂಡ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಸ್ಪತ್ರೆಯಲ್ಲಿ ಏರಿಸುವ ಸಲೈನ್ ಬಾಟಲಿ ನೋಡಿದರೆ ಲೆಕ್ಕ ಸುಲಭ. ಒಂದು ಲೀಟರಿಗೆ 9 ಗ್ರಾಂ ಉಪ್ಪು, ಅಂದರೆ ಸುಮಾರು 3500 ಮಿಲಿಗ್ರಾಂ ಸೋಡಿಯಂ. ಆ ದರದಲ್ಲಿ ಹೆಚ್ಚುವರಿಯಾಗಿ ಉಳಿದ 1750 ಮಿಲಿಗ್ರಾಂ ಸೋಡಿಯಂ ಅರ್ಧ ಲೀಟರ್ ನೀರನ್ನು ಕಟ್ಟಿಹಾಕಬಹುದು. ಅರ್ಧ ಲೀಟರ್ ನೀರು ಅಂದರೆ ಅರ್ಧ ಕೆಜಿ. ಉಪ್ಪು ಮಾಮೂಲಿಗೆ ಬಂದರೆ ಒಂದೆರಡು ದಿನದಲ್ಲಿ ಹೋಗುತ್ತದೆ. ಸೂಪಿನ ಮರುದಿನ ನಾನು ತೂಕವೇ ನೋಡುವುದಿಲ್ಲ, ನೋಡಿ ಸಿಟ್ಟು ಮಾಡಿಕೊಂಡು ತಿಂಡಿ ಬಿಡುವುದಕ್ಕಿಂತ ಅದು ವಾಸಿ.

ನೀರಿನ ತೂಕ ಹೋಗುತ್ತದೆ ಅಂತ ಬಿಪಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅದು ಬೇರೆ ಲೆಕ್ಕ. ಡ್ಯಾಶ್ ಅಂದರೆ ಬಿಪಿ ಇಳಿಸಲು ರೂಪಿಸಿದ ಒಂದು ಊಟದ ಪದ್ಧತಿ; 2001ರಲ್ಲಿ ಪ್ರಕಟವಾದ ಡ್ಯಾಶ್ ಸೋಡಿಯಂ ಪ್ರಯೋಗದಲ್ಲಿ ಜನರಿಗೆ ಮೂರು ಮಟ್ಟದ ಉಪ್ಪಿನ ಊಟ ಕೊಟ್ಟು ನೋಡಿದ್ದರು. ಉಪ್ಪು ಒಂದೊಂದು ಮೆಟ್ಟಿಲು ಇಳಿದಂತೆ ಬಿಪಿಯೂ ಇಳಿಯಿತು.

ಉಳಿದ ದಿನದ ಊಟ ಹೇಗಿರಬೇಕು? ಡಯಟ್ ಮಾಡುವವರಿಗೆ ಇಲ್ಲಿ ಒಂದು ಅನುಕೂಲ ಇದೆ. ಕ್ಯಾಲರಿ ಮಿತಿ ಇಳಿಸಿಕೊಂಡಿರುತ್ತೇವೆ, ಸೋಡಿಯಂ ಮಿತಿ ಅಲ್ಲೇ ಇರುತ್ತದೆ. ಕಡಿಮೆ ತಿಂದರೆ ಸೋಡಿಯಂ ಕೂಡ ತಾನಾಗಿ ಒಂದಿಷ್ಟು ಇಳಿದಿರುತ್ತದೆ. ಆ ಜಾಗದಲ್ಲಿ ಸೂಪ್ ಕೂರಿಸಬಹುದು. ನನ್ನ ಬಟ್ಟಲು 850 ತೆಗೆದುಕೊಂಡರೆ 1150 ಉಳಿಯುತ್ತದೆ. ಅದು ಅರ್ಧ ಟೀ ಚಮಚ ಉಪ್ಪಿನಷ್ಟು. ಉಳಿದೆಲ್ಲ ಊಟದಲ್ಲಿ ಪದಾರ್ಥಗಳ ಸ್ವಂತ ಸೋಡಿಯಮ್ಮೂ ಸೇರಿ ಅಷ್ಟರಲ್ಲೇ ಮುಗಿಯಬೇಕು. ಮನೆ ಅಡುಗೆಯಾದರೆ ಆಗುತ್ತದೆ. ಬ್ರೆಡ್, ಚೀಸ್, ಸಾಸ್, ಚಿಪ್ಸ್ ಬಂದವೋ, ಕಥೆ ಮುಗಿಯಿತು. ಸೂಪಿನ ಜೊತೆ ಎರಡು ಉಪ್ಪು ಬಿಸ್ಕೆಟ್ ಅನ್ನುವ ಅಭ್ಯಾಸ ಇದೆಯಲ್ಲ, ಅದು ಎರಡೂ ಲೆಕ್ಕವನ್ನು ಒಟ್ಟಿಗೆ ಕೆಡಿಸುತ್ತದೆ. ಹಣ್ಣು, ಉಪ್ಪಿಲ್ಲದ ಬೀಜಗಳು, ಮೊಸರು ಇವು ಸೂಪ್ ದಿನದ ಒಳ್ಳೆಯ ಸ್ನೇಹಿತರು.

ಒಂದು ಎಚ್ಚರಿಕೆ ಇಲ್ಲಿ ಹೇಳಲೇಬೇಕು. ಉಪ್ಪು ಕಡಿಮೆ ಮಾಡಿದ ಕೆಲವು ಸೂಪುಗಳಲ್ಲಿ ಅದರ ಬದಲು ಪೊಟ್ಯಾಸಿಯಂ ಕ್ಲೋರೈಡ್ ಹಾಕಿರುತ್ತಾರೆ. ಪದಾರ್ಥಗಳ ಪಟ್ಟಿಯಲ್ಲಿ ಹೆಸರು ಇರುತ್ತದೆ, ನಾಲಿಗೆಯ ಹಿಂದೆ ಸಣ್ಣ ಕಹಿಯೂ ಇರುತ್ತದೆ. ಹೆಚ್ಚಿನವರಿಗೆ ತೊಂದರೆ ಇಲ್ಲ. ಆದರೆ ಮೂತ್ರಪಿಂಡದ ಕಾಯಿಲೆ ಇರುವವರಲ್ಲಿ, ಬಿಪಿಗೆ ಕೊಡುವ ಕೆಲವು ಮಾತ್ರೆ ತಿನ್ನುವವರಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ನಮ್ಮಪ್ಪ ಅಂಥ ಮಾತ್ರೆ ತಿನ್ನುತ್ತಾರೆ. ಹಾಗಾಗಿ ಅವರಿಗೆ ನನ್ನ ಡ್ರಾಯರಿನ ಡಬ್ಬಿ ಕೊಡುವುದಿಲ್ಲ. "ನಿನ್ನ ಸೂಪ್ ನನಗೂ ಸ್ವಲ್ಪ ಹಾಕಮ್ಮ" ಅಂದರೆ ಉಪ್ಪಿಲ್ಲದ ಕಾಳು, ತರಕಾರಿಯನ್ನೇ ಬೇಯಿಸಿ ನಿಂಬೆ ಹಿಂಡಿ ಕೊಡುತ್ತೇನೆ. ಹೃದಯ, ಮೂತ್ರಪಿಂಡದ ತೊಂದರೆ ಇದ್ದವರು ನನ್ನ ಅಂಕಿಗಳನ್ನು ಬದಿಗಿಟ್ಟು ಡಾಕ್ಟರು ಕೊಟ್ಟ ಅಂಕಿ ಹಿಡಿಯಿರಿ.

ಮೂರನೇ ಒಂದು ಭಾಗ ಬಳಸಿದರೆ ಉಳಿದದ್ದು ಏನು ಮಾಡೋದು ಅಂತ ತಮ್ಮ ಕೇಳಿದ್ದ. ತೆರೆದ ಡಬ್ಬಿಯಲ್ಲೇ ಬಿಡಬೇಡಿ, ಮುಚ್ಚಳ ಇರುವ ಗಾಜಿನ ಪಾತ್ರೆಗೆ ಸುರಿದು ಫ್ರಿಜ್ಜಿನಲ್ಲಿಡಿ, ಮೂರು ನಾಲ್ಕು ದಿನದೊಳಗೆ ಮುಗಿಸಿ. ನಾನು ತೆಳು ಸೂಪಾದರೆ ಎರಡು ಪಾಲು ಮಾಡಿ ಫ್ರೀಜರಿಗೆ ಹಾಕಿಬಿಡುತ್ತೇನೆ, ಮೇಲೆ ಒಂದು ಚೀಟಿ ಅಂಟಿಸಿ ಕ್ಯಾಲರಿ ಒಂದು ಕಡೆ, ಸೋಡಿಯಂ ಇನ್ನೊಂದು ಕಡೆ ಬರೆದು. ಕ್ರೀಮ್ ಸೂಪ್ ಫ್ರೀಜರಿನಿಂದ ತೆಗೆದ ಮೇಲೆ ಒಡೆದ ಹಾಗಾಗುತ್ತದೆ, ಅದನ್ನು ಫ್ರಿಜ್ಜಿನಲ್ಲೇ ಇಟ್ಟು ಆ ಮೂರು ನಾಲ್ಕು ದಿನದಲ್ಲೇ ಖಾಲಿ ಮಾಡಿ. ಉಬ್ಬಿದ ಡಬ್ಬಿ ಕಂಡರೆ ಮಾತ್ರ ಯಾವ ಲೆಕ್ಕವೂ ಬೇಡ, ತೆರೆಯದೆ ಎಸೆಯಿರಿ.